ಗೆರೆಯಿಲ್ಲದ ಹೆಬ್ಬೆಟ್ಟು

"ಬೀಡಿ ಕಟ್ಟೀಯೋ, ಕೂಸಿನ ಹೇಲ ಸುತ್ತಕೊಂಡ ಬಂದೀಯೋ? ಇದು ಛಾಟ. ಇದೂ ಛಾಟ. ನಿನ್ನ ಮಗಳ ಗತೆನ ಅದಾವಲ್ಲಬೇ ಕೆಂಚವ್ವ, ನಿನ್ನ ಬೀಡಿನೂ."

ತವನಪ್ಪ ನನ್ನ ಬೀಡಿಗಳನ್ನು ಹೆಬ್ಬೆಟ್ಟಿನಿಂದ ಒತ್ತಿ ಮುರಿದು ಬುಟ್ಟಿಗೆ ಎಸೆಯುತ್ತಿದ್ದ. ನಿಪ್ಪಾಣಿಯ ನಮ್ಮ ಬೀಡಿ ಕಾರಖಾನೆಗೆ ಅವನು ಚೆಕರ್. ಅವನ ಕಣ್ಣಿಗೆ ಹಿಡಿಸದ ಬೀಡಿ ಛಾಟ, ಅದಕ್ಕೆ ಕೂಲಿ ಇಲ್ಲ. ಕೊಳೆತ ಎಲೆ ಕೊಟ್ಟವರು ಅವರೇ ಆದರೂ ತಪ್ಪು ನಮ್ಮದು. ಇಪ್ಪತ್ತು ವರ್ಷದಿಂದ ಆ ಹೆಬ್ಬೆಟ್ಟನ್ನು ನೋಡುತ್ತ ಬಂದಿದ್ದೇನೆ. ತಂಬಾಕಿನ ಚೀಲ ಹರಿಯುವಾಗ ಕೊಯ್ದುಕೊಂಡ ಗಾಯದ ಗುರುತು ಅದರ ಮೇಲೆ ಅಡ್ಡಡ್ಡ ಕೂತಿದೆ.

ಬೈಗುಳ ನನಗೇನು ಹೊಸದಲ್ಲ. ಆದರೆ ನಡುವೆ ಮಗಳ ಮಾತು ಯಾಕೆ ಬಂತು ಎಂದು ಕೇಳಿದೆ.

"ಸಾಲ್ಯಾಗ ಆಕಿ ಹೆಸರ ಹೊಡದ ಹಾಕೇವಿ. ಮನ್ಯಾಗ ಕುಂಡ್ರಿಸಿ ಬೀಡಿ ಕಟ್ಟಸ ಹೋಗ. ಛಾಟಿನ ಹೊಟ್ಟ್ಯಾಗ ಮತ್ತೇನ ಹುಟ್ಟತೈತಿ?"

ಪಕ್ಕದಲ್ಲಿದ್ದ ಗುಮಾಸ್ತ ನಕ್ಕ. ನನ್ನ ಮಗಳು ಗಿರಿಜವ್ವ ಏಳನೇ ಇಯತ್ತೆಯಲ್ಲಿದ್ದಳು. ಪರೀಕ್ಷೆಗೆ ಎಂಟೇ ದಿನ. ಅದೊಂದು ದಾಟಿದರೆ ಹೈಸ್ಕೂಲು, ಇಲ್ಲವಾದರೆ ನನ್ನ ಪಕ್ಕದಲ್ಲಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಸಾಯುವತನಕ ಕೂರಬೇಕು.

ಹೋದ ವರ್ಷ ಮಾಲಕ ಅಣ್ಣಾಸಾಬ ನಮ್ಮ ಓಣಿಯ ಸರಕಾರಿ ಕನ್ನಡ ಶಾಲೆಯನ್ನು ದತ್ತು ತೆಗೆದುಕೊಂಡ. ದತ್ತು ಎಂದರೆ ನಮಗೆ ಗೊತ್ತಿದ್ದದ್ದು ಒಂದೇ. ದತ್ತಕ ಹೋದ ಕೂಸಿಗೆ ಮನೆ ಸಿಗುತ್ತದೆ, ಮನೆತನದ ಹೆಸರು ಸಿಗುತ್ತದೆ, ಮತ್ತೆ ಅದನ್ನು ಯಾರೂ ಹೊರಗೆ ಹಾಕುವ ಹಾಗಿಲ್ಲ. ನಮ್ಮ ಮಕ್ಕಳನ್ನು ಮಾಲಕ ತನ್ನ ಮಕ್ಕಳೆಂದ ಎಂದುಕೊಂಡು ನಾನು ಅವನಿಗೆ ಆರತಿ ಎತ್ತಿದೆ. ನನ್ನ ಜೋಡಿ ಬೀಡಿ ಕಟ್ಟುವ ಚಮನಬಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಥೂ, ನಮ್ಮ ಬುದ್ಧಿಗೆ ಬೆಂಕಿ ಹಾಕ.

ಶಾಲೆಗೆ ಸುಣ್ಣ ಬಿತ್ತು, ಫ್ಯಾನು ಬಂತು, ಬಾಗಿಲ ಮೇಲೆ ಬೀಡಿ ಕಟ್ಟಿನ ಮೇಲಿರುವ ಚಿತ್ರವೇ ದೊಡ್ಡದಾಗಿ ಬಂತು. ಹಿಂದೆಯೇ ತವನಪ್ಪ ಬಂದ, ಶಾಲೆ ಕಮಿಟಿಯ ಮನುಷ್ಯನಾಗಿ. ಅವನಿಗೆ ಬರುತ್ತಿದ್ದ ಕೆಲಸ ಒಂದೇ. ಏಳನೆಯವರನ್ನು ಸಾಲಾಗಿ ನಿಲ್ಲಿಸಿ ಬೆರಳು ನೋಡಿದನಂತೆ. ಯಾರ ಬೆರಳು ತಂಬಾಕಿನಿಂದ ಹಳದಿಯಾಗಿತ್ತೋ ಅವರು ಆಚೆ. ಒಬ್ಬರ ಕೈಗೂ ಪುಸ್ತಕ ಕೊಟ್ಟು ಓದಿಸಲಿಲ್ಲ. ಹನ್ನೊಂದು ಹುಡುಗಿಯರು ಛಾಟ ಆದರು. ಮೂರು ದಿನ ಗಿರಿಜವ್ವ ನನಗೆ ಹೇಳದೆ ಪಾಟಿಚೀಲ ಹೊತ್ತು ಕೆರೆಯ ದಂಡೆಗೆ ಹೋಗಿ ಕೂತು ಬಂದಿದ್ದಳು.

ಹೆಡ್ ಮಾಸ್ತರ ವಿರುಪಾಕ್ಷಪ್ಪನ ಹತ್ತಿರ ಹೋದೆ. ಅಲ್ಲೇ ಹೊಸ್ತಿಲಾಚೆ ನಿಲ್ಲು, ಮೈಯೆಲ್ಲ ತಂಬಾಕು ನಾರುತ್ತದೆ ಎಂದ. ಮಾಲಕರು, ಕಂಪನಿಯವರು ಕೈ ಹಾಕಿದರೆ ಪೇಟೆಯ ಸರಕಾರಿ ಶಾಲೆಗಳು ಹೇಗೆ ಸುಧಾರಿಸುತ್ತವೆ ಎಂದು ಸಂಶೋಧನೆ ಮಾಡಲು ಬೆಂಗಳೂರಿನಿಂದ ಕಲಿತ ಹೆಂಗಸೊಬ್ಬರು, ಬಾಯಿಯವರು, ಬರುತ್ತಾರಂತೆ, ಪುಸ್ತಕ ಬರೆಯುತ್ತಾರಂತೆ. ಈ ಸಲ ಪರೀಕ್ಷೆಯಲ್ಲಿ ಒಬ್ಬರೂ ನಪಾಸಾಗದೆ ಶಾಲೆಯ ನಿಕಾಲು ನೂರಕ್ಕೆ ನೂರು ಬರಲೇಬೇಕಂತೆ. ನನ್ನ ಮಗಳು ನಪಾಸಾಗುತ್ತಾಳೆ ಎಂದು ಹೇಳಿದವರು ಯಾರು ಎಂದೆ. ಅವನು ರಜಿಸ್ಟರನ್ನು ನನ್ನ ಕಡೆ ತಿರುಗಿಸಿದ.

"ನೀನ ಹೆಬ್ಬೆಟ್ಟ ಒತ್ತಿ ಬಿಡಿಸಿಕೊಂಡ ಹೋಗೀಯಲ್ಲ. ಈಗ ನನಗ್ಯಾಕ ಬೊಗಳತಿ?"

ನನಗೆ ಅಕ್ಷರ ಬರುವುದಿಲ್ಲ. ಆದರೆ ಹೆಬ್ಬೆಟ್ಟು ಓದಲು ಬರುತ್ತದೆ. ಹನ್ನೊಂದು ಗುರುತು, ಎಲ್ಲವೂ ಒಂದೇ. ಗೆರೆಗಳೆಲ್ಲ ಸ್ವಚ್ಛ ಮೂಡಿದ್ದವು, ನಡುವೆ ಅಡ್ಡ ಗಾಯ. ನನ್ನ ಹೆಬ್ಬೆಟ್ಟಿನಲ್ಲಿ ಗೆರೆಯೇ ಇಲ್ಲ. ಎಲೆ ಉಜ್ಜಿ ಉಜ್ಜಿ, ಗಿರಿಜವ್ವ ಹುಟ್ಟುವ ಮೊದಲೇ ಸವೆದುಹೋಗಿವೆ. ಸೀದಾ ಚಮನಬಿಯ ಮನೆಗೆ ನಡೆದೆ. ಅವಳ ಫಾತಿಮಾ ಕೂಡ ಆ ಹನ್ನೊಂದರಲ್ಲಿ ಒಬ್ಬಳು.

ಶನಿವಾರ ಬಾಯಿ ಬಂದರು. ತವನಪ್ಪ ತನಗೆ ಬೇಕಾದ ತಾಯಂದಿರನ್ನು ಕರೆಸಿದ್ದ. ಕರೆಯದ ನಾವು, ಆ ಹನ್ನೊಂದು ಹುಡುಗಿಯರ ತಾಯಂದಿರೂ, ಅವರ ನಡುವೆ ಹೋಗಿ ಕೂತೆವು. ಬಾಯಿಯ ಮುಂದೆ ಅವನು ಹಲ್ಲು ಕಡಿದನೇ ಹೊರತು ಎಬ್ಬಿಸಲಾರದೆ ಹೋದ. ಮಾಲಕರು ಬಂದ ಮೇಲೆ ಶಾಲೆ ಸುಧಾರಿಸಿದೆಯೇ ಎಂದು ಕೇಳುವ ಕಾಗದಗಳಲ್ಲಿ ಉತ್ತರವನ್ನು ಅವನೇ ತುಂಬಿಟ್ಟಿದ್ದ. ನಮ್ಮದು ಹೆಬ್ಬೆಟ್ಟು ಮಾತ್ರ ಬೇಕಿತ್ತು. ನಾನು ಒತ್ತಿದೆ. ಕಾಗದದ ಮೇಲೆ ಬರೀ ನೀಲಿ ಕಲೆ.

"ಸರಿಯಾಗಿ ಒತ್ತಮ್ಮ, ಗೆರೆ ಮೂಡ್ತಿಲ್ಲ" ಎಂದರು ಬಾಯಿ.

ಮತ್ತೆ ಒತ್ತಿದೆ. ಚಮನಬಿ ಒತ್ತಿದಳು. ಹನ್ನೊಂದೂ ಬರೀ ಕಲೆಗಳೇ. ಬಾಯಿ ತಲೆ ಎತ್ತಿ ನೋಡಿದರು. ನಾನು ಮೇಜಿನ ಮೇಲಿದ್ದ ರಜಿಸ್ಟರನ್ನು ಎಳೆದುಕೊಂಡು, ಕಿಟಕಿಯ ಹೊರಗೆ ನಿಂತಿದ್ದ ಗಿರಿಜವ್ವನನ್ನು ಒಳಗೆ ಕರೆದೆ. ನಮ್ಮ ಹೆಸರಿನ ಹಾಳೆ ತೆಗೆದು ಓದು ಎಂದೆ. ಅವಳು ಗಟ್ಟಿಯಾಗಿ ಓದಿದಳು.

"ಸದರಿ ವಿದ್ಯಾರ್ಥಿನಿಗೆ ಓದಲು ಬರೆಯಲು ಬಾರದ ಕಾರಣ, ಪಾಲಕರು ಸ್ವಇಚ್ಛೆಯಿಂದ ಶಾಲೆ ಬಿಡಿಸಿರುತ್ತಾರೆ."

ಎಲ್ಲಿಯೂ ತಡವರಿಸಲಿಲ್ಲ. ಮಾಸ್ತರ ನೆಲ ನೋಡಿದ. ಬಾಯಿ ಆ ಹನ್ನೊಂದು ಗುರುತುಗಳನ್ನು ನೋಡಿದರು, ನಮ್ಮ ಕಲೆಗಳನ್ನು ನೋಡಿದರು. ಅವರಿಗೆ ತಿಳಿಯಿತು. ತಿಳಿದದ್ದು ಮುಖದ ಮೇಲೆಯೇ ಕಂಡಿತು. ಪೆನ್ನಿಗೆ ಟೋಪಿ ಹಾಕಿ ಮೇಜಿನ ಮೇಲಿಟ್ಟರು, ಫೈಲಿನ ದಾರ ಸುತ್ತತೊಡಗಿದರು.

"ನೋಡಮ್ಮ, ಬಿಟ್ಟುಹೋದ ಮಕ್ಕಳು ನನ್ನ ಅಧ್ಯಯನದಲ್ಲಿ ಬರಲ್ಲ. ರಿಜಿಸ್ಟರಿನಲ್ಲಿ ಹೆಸರಿದ್ದವರು ಮಾತ್ರ."

"ಹೆಸರಿದ್ರ ಬರತಾರೇನ್ರಿ?" ಎಂದೆ. ಆ ಪೆನ್ನು ತೆಗೆದು ಮಗಳ ಕೈಗೆ ಕೊಟ್ಟೆ. "ಬರಿ."

ತವನಪ್ಪ ರಜಿಸ್ಟರಿನ ಮೇಲೆ ಬಿದ್ದ. ಚಮನಬಿ ಅವನ ಮುಂಗೈ ಹಿಡಿದಳು, ಉಳಿದವರು ರಟ್ಟೆ ಹಿಡಿದರು. ದಿನವಿಡೀ ಬೀಡಿ ಸುತ್ತುವ ಬೆರಳುಗಳು, ಸುಲಭಕ್ಕೆ ಬಿಡುವಂಥವಲ್ಲ. ಆ ಹೆಬ್ಬೆಟ್ಟನ್ನು ನಾನು ಮಸಿಯಲ್ಲಿ ಅದ್ದಿ ಬಾಯಿಯ ಫೈಲಿನ ಮೇಲೆ ಒತ್ತಿದೆ. ಗೆರೆ ಮೂಡಿತು, ಗಾಯ ಮೂಡಿತು.

"ನಾಳಿಂದ ಒಬ್ಬರಿಗೂ ಎಲಿ ಇಲ್ಲ, ರಂಡೇರ್ಯಾ. ಉಪವಾಸ ಕೆಡವತೇನ್ ನಿಮ್ಮನ್" ಎಂದು ಅವನು ಉಗುಳು ಸಿಡಿಸಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಾಳೆಯಿಂದ ಹನ್ನೊಂದು ಒಲೆ ಉರಿಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಆದರೂ ಯಾರೂ ಕೈ ಸಡಿಲಿಸಲಿಲ್ಲ.

ಗಿರಿಜವ್ವ ರಜಿಸ್ಟರಿನಲ್ಲಿ ತನ್ನ ಹೆಸರು ಬರೆದಳು. ಅದರ ಕೆಳಗೆ ಫಾತಿಮಾಳ ಹೆಸರು ಬರೆದಳು. ವಿರುಪಾಕ್ಷಪ್ಪ ಮಾಸ್ತರ ಪೊಲೀಸರನ್ನು ಕರೆತರಲು ಚಪ್ಪಲಿ ಬಿಟ್ಟು ಓಡಿದ. ಇನ್ನೂ ಒಂಬತ್ತು ಹೆಸರು ಉಳಿದಿದ್ದವು.

"ಅವಸರ ಮಾಡಬ್ಯಾಡ," ಎಂದೆ ಮಗಳಿಗೆ. "ದುಂಡಗ ಬರಿ."