ಹೊದಿಕೆ ಇಲ್ಲದ ಎರಡು ನಿಮಿಷ

ಫಿಟ್ಸ್ ಬರಲಿ ಎಂದು ಯಾರಾದರೂ ಕಾದು ಕೂರುತ್ತಾರೆಯೇ? ಅಕ್ಕ ಕೂತಿದ್ದಳು. ಹತ್ತೊಂಬತ್ತು ವರ್ಷ ಅದು ಬರದಿರಲಿ ಎಂದು ಕಂಡ ಕಂಡ ದೇವರಿಗೆಲ್ಲ ಕೈಮುಗಿದವಳು, ಈಗ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ, ತಮ್ಮನ ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಕೈಯಲ್ಲೊಂದು ಬಟನ್. ಫಿಟ್ಸ್ ಬಂದ ಕೂಡಲೇ ಅದನ್ನು ಒತ್ತಬೇಕು.

ತಮ್ಮನಿಗೆ ಮೂವತ್ತೊಂದು ವಯಸ್ಸು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ. ಕೂದಲೆಳೆಯಷ್ಟೂ ತಪ್ಪದ ಕೈ ಅವನದು. ಕಳೆದ ವರ್ಷ ಕೆಲಸ ಮಾಡುತ್ತಲೇ ಫಿಟ್ಸ್ ಬಂದು ಗಾಜು ಉಜ್ಜುವ ಯಂತ್ರದ ಮೇಲೆ ಬಿದ್ದು ಅಂಗೈ ಸೀಳಿಕೊಂಡ. ಮಾಲೀಕ ಅವನನ್ನು ಯಂತ್ರದಿಂದ ಎಬ್ಬಿಸಿ, ಕನ್ನಡಕ ಒರೆಸಿ ಡಬ್ಬಿಗೆ ತುಂಬುವ ಕೆಲಸಕ್ಕೆ ಕೂರಿಸಿದ. ನಾಲ್ಕು ಬಗೆಯ ಮಾತ್ರೆಗೂ ಜಗ್ಗದ ರೋಗ ಇನ್ನು ಯಾವುದಕ್ಕೆ ಜಗ್ಗೀತು? ಆಪರೇಷನ್ ಮಾಡಿಸಿಯೇ ಸೈ ಎಂದು ಅವನು ಪಟ್ಟು ಹಿಡಿದ.

ಡಾಕ್ಟರು ಬಿಡಿಸಿ ಹೇಳಿದ್ದರು. ಮೆದುಳಿನಲ್ಲಿ ಫಿಟ್ಸ್ ಹುಟ್ಟುವ ಜಾಗ ಸಿಕ್ಕರೆ ಅಷ್ಟನ್ನು ಮಾತ್ರ ತೆಗೆದುಹಾಕಬಹುದಂತೆ. ಅದನ್ನು ಹುಡುಕಲೆಂದೇ ಮಾತ್ರೆ ನಿಲ್ಲಿಸಿ, ತಲೆ ತುಂಬ ವೈರು ಅಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟಿದ್ದರು. ಆದರೆ ವೈರಿನಿಂದ ಪರದೆಯ ಮೇಲೆ ಮೂಡುವ ಗೆರೆಗಳು ಮೆದುಳಿನ ಎರಡೂ ಕಡೆಯವು ಒಟ್ಟೊಟ್ಟಿಗೆ ಕುಣಿಯುತ್ತಿದ್ದವು. ಹಾಗಾಗಿ ಯಾವ ಕೈ ಮೊದಲು ಸೆಟೆದುಕೊಳ್ಳುತ್ತದೆ ಎನ್ನುವುದನ್ನು ಕಣ್ಣಾರೆ ನೋಡಬೇಕಿತ್ತು. ಎಡಗೈಯಾದರೆ ರೋಗ ಬಲಗಡೆ, ಧೈರ್ಯವಾಗಿ ಆಪರೇಷನ್ ಮಾಡಬಹುದು. ಬಲಗೈಯಾದರೆ ರೋಗ ಎಡಗಡೆ, ಇವನ ಮಾತು ಇರುವ ಜಾಗದಲ್ಲೇ. ಅಲ್ಲಿ ಕೈಯಿಡಲು ತಾವೂ ಹಿಂದೆಮುಂದೆ ನೋಡುವುದಾಗಿ ಡಾಕ್ಟರು ಹೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಇಷ್ಟು ವರ್ಷ ನೋಡಿದ್ದೀರಲ್ಲ, ಯಾವ ಕೈ ಎಂದು ಕೇಳಿದರು.

ಅಕ್ಕ ತಬ್ಬಿಬ್ಬಾದಳು. ಅವಳಿಗೆ ಗೊತ್ತಿರಲಿಲ್ಲ.

ಹೇಗೆ ಗೊತ್ತಿರಬೇಕು ಪಾಪ! ಮೊದಲ ಸಲ ಅವನು ನಡುರಸ್ತೆಯಲ್ಲಿ ಬಿದ್ದಾಗ ಅವನಿಗೆ ಹನ್ನೆರಡು, ಅವಳಿಗೆ ಹದಿನೇಳು. ಸುತ್ತ ಜನ ನೆರೆದಿತ್ತು. ಅವನ ಚಡ್ಡಿ ಒದ್ದೆಯಾಗಿದ್ದನ್ನು ಕಂಡು ಯಾರೋ ಕಿಸಕ್ಕನೆ ನಕ್ಕಿದ್ದರು. ಅವಳು ತನ್ನ ಶಾಲು ತೆಗೆದು ಅವನ ಮುಖದಿಂದ ಕಾಲಿನವರೆಗೆ ಹೊದಿಸಿ, ಮೇಲೆ ಬಗ್ಗಿ, ತಾನೂ ಕಣ್ಣು ಮುಚ್ಚಿಕೊಂಡಿದ್ದಳು. ಅಂದಿನಿಂದ ಬಸ್ಸಿನಲ್ಲಾಗಲಿ, ಅಂಗಡಿಯಲ್ಲಾಗಲಿ, ಮೊದಲು ಹೊದಿಕೆ, ಆಮೇಲೆ ಉಳಿದದ್ದು. ಹೇಳಿಕೇಳಿ ಇಸ್ತ್ರಿ ಅಂಗಡಿಯವಳು. ಎಂಥ ದುಪ್ಪಟಿಯಾದರೂ ಅವಳ ಕೈಯಲ್ಲಿ ಒಂದೇ ಒದರಿಗೆ ಹರಡಿಕೊಳ್ಳುತ್ತಿತ್ತು.

ಆಸ್ಪತ್ರೆಯ ಎರಡನೇ ದಿನ ಬೆಳಿಗ್ಗೆ ಫಿಟ್ಸ್ ಬಂತು. ಅಕ್ಕ ಬಟನ್ ಒತ್ತಿದಳು, ಒತ್ತಿದ ಕೈಯಲ್ಲೇ ದುಪ್ಪಟಿ ಒದರಿ ಹೊದಿಸಿಬಿಟ್ಟಳು. ವಿಡಿಯೋ ಹಾಕಿ ನೋಡಿದರೆ ಒಂದು ಬಿಳಿ ಗುಡ್ಡೆ ಮತ್ತು ಅವಳ ಬೆನ್ನು. ವೈರು ನೋಡಿಕೊಳ್ಳುವ ಟೆಕ್ನಿಷಿಯನ್ನಮ್ಮ, ಹೋಗಲಿ ಬಿಡಿ, ಗಾಬರಿಯಲ್ಲಿ ಆಗುತ್ತೆ ಎಂದರು. ಮಾರನೇ ದಿನ ಮಧ್ಯಾಹ್ನ ಮತ್ತೆ ಬಂತು. ಮತ್ತೆ ಅದೇ ಬೆನ್ನು. ಈ ಸಲ ಹೊದಿಸಿದ್ದೇ ಅವಳ ಅರಿವಿಗೆ ಬಂದಿರಲಿಲ್ಲ.

"ಕ್ಯಾಮೆರಾ ಇಟ್ಟಿರೋದು ನಿಮ್ಮ ಬೆನ್ನು ನೋಡೋಕಲ್ಲಮ್ಮ," ಎಂದು ಟೆಕ್ನಿಷಿಯನ್ನಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ನಾಳೆ ಸಂಜೆ ಮಂಚ ಖಾಲಿ ಮಾಡಬೇಕು, ಮುಂದಿನ ಸರದಿ ಎಂಟು ತಿಂಗಳ ಮೇಲೆ. ಕೈ ಕಟ್ಟಿಕೊಂಡು ಇರೋಕಾಗದಿದ್ದರೆ ಹೊರಗೆ ಕೂತುಕೊಳ್ಳಿ ಎಂದೂ ಅಂದರು. ತಮ್ಮನೇ ತಡೆದ, ಅಕ್ಕ ಇಲ್ಲೇ ಇರಲಿ ಎಂದ.

ಅವರು ಅತ್ತ ಹೋದ ಮೇಲೆ ಗೋಡೆ ನೋಡುತ್ತ ಕೇಳಿದ: "ಅಕ್ಕಾ, ನಿಜ ಹೇಳು. ನಿಂಗೆ ಈ ಆಪರೇಷನ್ ಬೇಡ ಅಲ್ವಾ?"

ಅಕ್ಕ ಅವನ ಕಾಲಿನ ಮೇಲಿದ್ದ ದುಪ್ಪಟಿಯ ಸುಕ್ಕು ಸವರತೊಡಗಿದಳು. ಹೌದು, ಅವಳಿಗೆ ಬೇಡವಾಗಿತ್ತು. ತಲೆಬುರುಡೆ ತೆರೆದು ಮುಚ್ಚಿದ ಮೇಲೆ ಏಳುವವನು ಇವನೇ ಎಂದು ಯಾರು ಬರೆದುಕೊಡುತ್ತಾರೆ? ಅಕ್ಕಾ ಎನ್ನುವುದನ್ನೇ ಮರೆತುಬಿಟ್ಟರೆ? ಬಿದ್ದರೂ ಎದ್ದರೂ ಈಗ ಕಣ್ಣೆದುರಿಗೆ ಇದ್ದಾನಲ್ಲ, ಅಷ್ಟು ಸಾಲದೇ? ಹೀಗೆ ಯೋಚಿಸುತ್ತಿರುವಾಗಲೇ ಡಬ್ಬಿಗೆ ಕನ್ನಡಕ ತುಂಬುವ ಅವನ ಕೈ ನೆನಪಾಯಿತು. ತನ್ನ ಮೇಲೆ ತನಗೇ ನಾಚಿಕೆಯಾಯಿತು. ಆದರೂ ಹೆದರಿಕೆ ಹೋಗಲಿಲ್ಲ.

ಕೊನೆಯ ದಿನ. ಗಂಟೆ ಹತ್ತಾಯಿತು, ಹನ್ನೊಂದಾಯಿತು. ಬೇಡದಾಗ ಕರೆಯದೆ ಬರುವ ಶನಿ, ಬೇಕೆಂದಾಗ ಎಲ್ಲಿ ಹಾಳಾಗಿಹೋಗಿತ್ತೋ! ಊಟ ಮುಗಿಯಿತು. ತಮ್ಮ ಕಿತ್ತಳೆ ಸುಲಿಯುತ್ತ, ಅಂಗಡಿಗೆ ಬರುವ ಯಾವನೋ ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡೇ ಕನ್ನಡಕ ಕಳೆದುಹೋಯಿತೆಂದು ಜಗಳ ತೆಗೆದದ್ದನ್ನು ಹೇಳುತ್ತಿದ್ದವನು, ಅರ್ಧ ಮಾತಿಗೇ ನಿಂತ. ಕಣ್ಣು ಎಲ್ಲೋ ನೆಟ್ಟಿತು.

ಅಕ್ಕ ಬಟನ್ ಒತ್ತಿದಳು. ಕೈ ದುಪ್ಪಟಿಗೆ ಹೋಯಿತು. ಹಿಡಿದು ಎಳೆದು, ಕಾಲಿನ ಮೇಲಿದ್ದಷ್ಟನ್ನೂ ಕಿತ್ತು ನೆಲಕ್ಕೆ ಎಸೆದಳು. ಎಸೆದು ಗೋಡೆಗೆ ಬೆನ್ನು ಹಚ್ಚಿ ನಿಂತಳು. ಹೇಳಿಕೊಟ್ಟಿದ್ದ ಹಾಗೆ, ನಿನ್ನ ಹೆಸರೇನು, ನಾನು ಯಾರು, ಕೈ ಎತ್ತು ಎಂದು ಗಟ್ಟಿಯಾಗಿ ಕೇಳಿದಳು. ಉತ್ತರವಿಲ್ಲ. ಅವನ ಬಲಗೈ ಅಂಗಿಯ ಗುಂಡಿಯನ್ನು ಜಗ್ಗುತ್ತಿತ್ತು. ಎಡಗೈ ನಿಧಾನವಾಗಿ ತಿರುಚಿ, ಬೆರಳೆಲ್ಲ ಬಿಗಿದು ಕಟ್ಟಿಗೆಯಾಯಿತು. ಆಮೇಲೆ ಮೈಯೆಲ್ಲ. ನರ್ಸ್ ಓಡಿಬಂದು ಅವನನ್ನು ಮಗ್ಗುಲಿಗೆ ತಿರುಗಿಸಿದಳು. ಪೈಜಾಮ ಒದ್ದೆಯಾಯಿತು. ಅಕ್ಕ ಗೋಳೋ ಎಂದು ಅತ್ತಳು, ಆದರೆ ಜಾಗ ಬಿಟ್ಟು ಕದಲಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಎರಡು ನಿಮಿಷ.

ಡಾಕ್ಟರು ವಿಡಿಯೋವನ್ನು ಮೂರು ಸಲ ನೋಡಿದರು. ಎಡಗೈ, ಸಂಶಯವೇ ಇಲ್ಲ, ರೋಗ ಬಲಗಡೆಯೇ ಎಂದರು. ಆಪರೇಷನ್ ಮುಂದಿನ ತಿಂಗಳು. ಅಕ್ಕ ಹೂಂ ಎಂದಳು, ಹೆದರಿಕೆ ಮಾತ್ರ ಹಾಗೇ ಇತ್ತು.

ತಮ್ಮನಿಗೆ ಪೂರ್ತಿ ಎಚ್ಚರವಾಗಲು ಒಂದು ಗಂಟೆ ಹಿಡಿಯಿತು. ಒಣಗಿದ ನಾಲಗೆಯಲ್ಲಿ ಮೊದಲು ಕೇಳಿದ್ದು ಅದನ್ನೇ.

"ಹೊದಿಸಿದ್ಯಾ?"

"ಇಲ್ಲ ಕಣೋ."

"ಎಲ್ರೂ ನೋಡಿದ್ರಾ?"

"ನೋಡಿದ್ರು. ನಾನೂ ನೋಡ್ದೆ."

ಅವನು ಅವಳ ಕಡೆ ತಿರುಗಿದ. "ಹೇಗಿರುತ್ತೆ ಅಕ್ಕಾ? ನಂಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ."

ಏನಿಲ್ಲ ಬಿಡು, ಮಲಗು ಎನ್ನುವ ಮಾತು ಅವಳ ಬಾಯಿಯವರೆಗೆ ಬಂತು. ನುಂಗಿಕೊಂಡಳು. ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಅವನ ಎಡಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಮೊದಲು ಇದು ತಿರುಚಿಕೊಳ್ಳುತ್ತೆ," ಎಂದು ಶುರುಮಾಡಿದಳು.