ಇಬ್ಬರು ಬೇಕಾದ ರಿಪೇರಿ

ಓರಗಿತ್ತಿಯರು ಮಾತು ಬಿಟ್ಟು ಎರಡು ವಾರದ ಮೇಲಾಗಿತ್ತು. ಒಂದೇ ಮನೆ, ಒಂದೇ ಅಡುಗೆಮನೆ, ಸಾಲದ್ದಕ್ಕೆ ಇಬ್ಬರೂ ಸೇರಿ ನಡೆಸುವ ಒಂದೇ ಪ್ರಿಂಟಿಂಗ್ ಅಂಗಡಿ. ಇಷ್ಟು ಹತ್ತಿರವಿದ್ದೂ ಮಾತಾಡದೆ ಇರುವುದೆಂದರೆ ಸಣ್ಣ ಕೆಲಸವಲ್ಲ. ಮನೆಯಲ್ಲಾದರೆ ಅತ್ತೆ ನಡುವೆ ನಿಂತು ಅಂಚೆಯವರ ಕೆಲಸ ಮಾಡುತ್ತಿದ್ದರು. ಅಂಗಡಿಯಲ್ಲಿ ಆ ಸೌಲಭ್ಯವಿರಲಿಲ್ಲ. ಹಾಗಾಗಿ ದೊಡ್ಡವಳು "ಕಾಗದ ಮುಗೀತಾ ಬಂತು" ಎಂದು ಗೋಡೆಗೆ ಹೇಳುತ್ತಿದ್ದಳು, ಚಿಕ್ಕವಳು "ತರಿಸಿ ಆಗಿದೆ" ಎಂದು ಪ್ರಿಂಟರಿಗೆ ಹೇಳುತ್ತಿದ್ದಳು. ಗೋಡೆಯಾಗಲಿ ಪ್ರಿಂಟರಾಗಲಿ ಇದರ ಬಗ್ಗೆ ಯಾರ ಹತ್ತಿರವೂ ದೂರು ಹೇಳಿರಲಿಲ್ಲ.

ಆದದ್ದಿಷ್ಟೇ. ಒಂದು ಮದುವೆ ಕಾರ್ಡಿನಲ್ಲಿ ತಪ್ಪು ಉಳಿದುಬಿಟ್ಟಿತ್ತು. ಗಿರಾಕಿ ಕೂಗಾಡುತ್ತಿದ್ದಾಗ ಚಿಕ್ಕವಳು ತುಂಬಿದ ಅಂಗಡಿಯಲ್ಲಿ, "ನಮ್ಮಕ್ಕಂಗೆ ಈಗೀಗ ಕಣ್ಣು ಸರಿಯಾಗಿ ಕಾಣಲ್ಲ, ಅದಕ್ಕೇ ಹೀಗಾಯ್ತು" ಎಂದುಬಿಟ್ಟಿದ್ದಳು. ಸುಳ್ಳಾಗಿದ್ದರೆ ದೊಡ್ಡವಳು ಆಗಲೇ ನಾಲ್ಕು ಮಾತು ಬೈದು ಮರೆತುಬಿಡುತ್ತಿದ್ದಳು. ನಿಜವಾಗಿತ್ತು, ಅದೇ ತೊಂದರೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಂದಿನಿಂದ ಅವಳು ಕರಡು ತಿದ್ದುವ ಕೆಲಸಕ್ಕೆ ಕೈಯನ್ನೇ ಹಾಕಿರಲಿಲ್ಲ.

ಈಗ ಎದುರು ಸಾಲಿನ ಪ್ರೆಸ್ಸಿನವರು ಚಿಕ್ಕವಳನ್ನು ಕೆಲಸಕ್ಕೆ ಕರೆದಿದ್ದರು. ಇವತ್ತು ಸಂಜೆಯೊಳಗೆ ಉತ್ತರ ಬೇಕಂತೆ. ಸುದ್ದಿ ಅತ್ತೆಯ ಮೂಲಕವೇ ಬಂದಿತ್ತು. ಅಕ್ಷರ ಜೋಡಿಸುವವಳು, ಚಿತ್ರ ಕೂರಿಸುವವಳು ಅವಳೇ. ಅವಳು ಹೋದರೆ ಅಂಗಡಿಗೆ ಬೀಗ ಹಾಕುವುದೊಂದೇ ದಾರಿ ಎಂದು ದೊಡ್ಡವಳಿಗೆ ಗೊತ್ತಿತ್ತು. ಅಂಗಡಿ ಹಾಳಾಗಲಿ, ಅವಳಿಲ್ಲದ ಅಂಗಡಿಯಲ್ಲಿ ಒಬ್ಬಳೇ ಕೂರುವುದನ್ನು ನೆನೆಯುವುದೂ ಅವಳಿಂದಾಗುತ್ತಿರಲಿಲ್ಲ. ಆದರೆ ಹೋಗಬೇಡ ಅನ್ನುವ ಮಾತನ್ನು ಗೋಡೆಗೆ ಹೇಳಲಾದೀತೇ?

ಅವತ್ತೇ ಕಂಪ್ಯೂಟರ್ ಮುಷ್ಕರ ಹೂಡಿತು. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಕುಯ್ ಕುಯ್ ಎನ್ನುತ್ತದೆ, ಪರದೆ ಮಾತ್ರ ಕಪ್ಪು. ಮಧ್ಯಾಹ್ನಕ್ಕೆ ಕಾರ್ಡುಗಳನ್ನು ಕೊಡಬೇಕಿತ್ತು. ಯಂತ್ರ, ವೈರುಗಳ ಕೆಲಸವೆಲ್ಲ ಮೊದಲಿನಿಂದಲೂ ದೊಡ್ಡವಳದೇ. ಅವಳು ರಿಪೇರಿಯವನಿಗೆ ಫೋನ್ ಮಾಡಿದಳು.

"ಇವತ್ತು ಬರೋಕಾಗಲ್ಲಮ್ಮ," ಎಂದ ಅವನು. "ಮೊದಲು ವೈರೆಲ್ಲ ಬಿಗಿಮಾಡಿ ನೋಡಿ. ಬರಲಿಲ್ಲ ಅಂದ್ರೆ ಪ್ಲಗ್ ಕಿತ್ತು, ಡಬ್ಬ ಬಿಚ್ಚಿ. ಒಳಗೆ ರ್‍ಯಾಮ್ ಅಂತ ಒಂದು ಹಸಿರು ಪಟ್ಟಿ ಇರುತ್ತೆ. ತೆಗೆದು, ಅದರ ಅಂಚಲ್ಲಿರೋ ಹೊಳೆಯೋ ಹಲ್ಲನ್ನ ರಬ್ಬರಲ್ಲಿ ಉಜ್ಜಿ ಮತ್ತೆ ಕೂರಿಸಿ. ಉಲ್ಟಾ ಮಾತ್ರ ತುರುಕಬೇಡಿ, ಸುಟ್ಟು ಹೋಗುತ್ತೆ."

ಡಬ್ಬವಿದ್ದದ್ದು ಮೇಜಿನ ಕೆಳಗೆ, ಪರದೆಯಿದ್ದದ್ದು ಮೇಲೆ. ದೊಡ್ಡವಳು ಮಂಡಿಯೂರಿ ಒಳಗೆ ನುಗ್ಗಿದಳು, ವೈರುಗಳನ್ನೆಲ್ಲ ಅದುಮಿ ಗುಂಡಿ ಒತ್ತಿದಳು. ಬಂತೋ ಇಲ್ಲವೋ ಎಂದು ನೋಡಲು ಮೇಲೆ ಒಬ್ಬರು ಬೇಕಲ್ಲ.

"ಬಂತಾ?" ಎಂದು ಕೇಳಿದಳು.

ಚಿಕ್ಕವಳ ಚಪ್ಪಲಿಗಳು ಎರಡು ಹೆಜ್ಜೆ ಹತ್ತಿರ ಬಂದವು. ಮೇಲಿನಿಂದ "ಇಲ್ಲ," ಎಂಬ ದನಿ ಕೇಳಿತು.

ಒಂದೇ ಪದ. ಆದರೂ ಅದು ಪ್ರಿಂಟರಿಗೆ ಹೇಳಿದ್ದಲ್ಲ.

ಪ್ಲಗ್ ಕಿತ್ತು, ಡಬ್ಬದ ಪಕ್ಕದ ತಗಡು ಬಿಚ್ಚಿ, ದೊಡ್ಡವಳು ಹಸಿರು ಪಟ್ಟಿಯನ್ನು ಹೊರತೆಗೆದು ಮೇಲಕ್ಕೆ ಚಾಚಿದಳು. ಚಿಕ್ಕವಳು ಚಿತ್ರ ಅಳಿಸುವ ತನ್ನ ರಬ್ಬರಿನಿಂದ ಅದನ್ನು ತಿಕ್ಕಿ ಹಿಂದಕ್ಕೆ ಕೊಟ್ಟಳು. ಇನ್ನು ಕೂರಿಸುವುದಷ್ಟೇ ಬಾಕಿ. ಪಟ್ಟಿಯಲ್ಲೊಂದು ಕಚ್ಚು, ಕೂರುವ ಜಾಗದಲ್ಲೊಂದು ಉಬ್ಬು, ಎರಡೂ ಹೊಂದಬೇಕು. ದೊಡ್ಡವಳು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಎಲ್ಲವೂ ಮಂಜು. ಅಂದಾಜಿನಲ್ಲಿ ಒತ್ತಿಬಿಡಬಹುದಿತ್ತು. ಇಲ್ಲವೇ ಇದು ನಮ್ಮ ಕೈಲಾಗದ ಕೆಲಸ ಎಂದು ಎದ್ದು ಬರಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ.

"ನನಗೆ ಕಾಣ್ತಿಲ್ಲ ಕಣೇ," ಎಂದಳು ಕೊನೆಗೆ. "ನೀನೇ ಬಂದು ನೋಡು."

ಚಿಕ್ಕವಳು ಒಳಗೆ ನುಗ್ಗಿದ ರಭಸಕ್ಕೆ ತಲೆಗೆ ತಲೆ ಢಿಕ್ಕಿಯಾಯಿತು.

"ಇನ್ನೊಂದು ಸಲ ಹೊಡೀರಿ ಅಕ್ಕ, ಇಲ್ಲಾಂದ್ರೆ ಕೊಂಬು ಮೂಡುತ್ತೆ!"

"ನಿನಗೆ ಮೊದಲೇ ಇದೆ, ಬಿಡು," ಎಂದಳು ದೊಡ್ಡವಳು. ನಗು ತಡೆಯಲಾಗಲಿಲ್ಲ. ಆ ನಗುವಿನ ನಡುವೆಯೇ ಹೇಳಿಬಿಟ್ಟಳು: "ಆ ಪ್ರೆಸ್ಸಿಗೆ ಹೋಗಬೇಡ ಕಣೇ. ನೀನಿಲ್ದೆ ನನಗಾಗಲ್ಲ."

ಚಿಕ್ಕವಳು ದೊಡ್ಡವಳ ಬೆರಳುಗಳನ್ನು ಹಿಡಿದು ಪಟ್ಟಿಯನ್ನು ಸರಿಯಾದ ಕಡೆಗೆ ತಿರುಗಿಸಿದಳು.

"ಅವತ್ತು ಅಷ್ಟು ಜನರ ಮುಂದೆ ನಾನು ಹಾಗೆ ಅನ್ನಬಾರದಿತ್ತು."

"ನಿಜಾನೇ ಹೇಳಿದೆಯಲ್ಲ."

"ನಿಜ ಆದ್ರೆ ಮನೇಲಿ ಹೇಳಬೇಕಿತ್ತು. ಹೂಂ, ಈಗ ಒತ್ತಿ."

ಇಬ್ಬರೂ ಸೇರಿ ಒತ್ತಿದರು. ಪಟ್ಟಿ ಟಕ್ಕೆಂದು ಕೂತಿತು. ಪ್ಲಗ್ ಚುಚ್ಚಿ ಗುಂಡಿ ಅದುಮಿದಾಗ ಯಂತ್ರ ಒಂದೇ ಒಂದು ಸಲ ಕುಯ್ ಎಂದಿತು.

"ಬಂತಾ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಮೇಲೆ ಹೇಳುವವರು ಯಾರಿದ್ದಾರೆ? ಗಡಿಬಿಡಿಯಲ್ಲಿ ತೆವಳಿಕೊಂಡು ಹೊರಬಂದು ನೋಡಿದರೆ ಪರದೆ ಬೆಳಗುತ್ತಿತ್ತು.

ಚಿಕ್ಕವಳು ಮಧ್ಯಾಹ್ನ ಕೊಡಬೇಕಾದ ಕಾರ್ಡು ತೆರೆದಳು. ಒಂದೊಂದು ಅಕ್ಷರವೂ ಅಂಗೈಯಗಲವಾಗುವವರೆಗೆ ಹಿಗ್ಗಿಸುತ್ತಾ ಹೋಗಿ, ಕುರ್ಚಿಯನ್ನು ದೊಡ್ಡವಳ ಕಡೆಗೆ ಎಳೆದಳು.

"ಈಗ ಓದಿ, ಅಕ್ಕ. ಇನ್ಮೇಲೆ ಹೀಗೇ ನೋಡೋಣ. ಪ್ರೆಸ್ಸಿನವರಿಗೆ ಬರಲ್ಲ ಅಂತ ಹೇಳ್ತೀನಿ."

ದೊಡ್ಡವಳ ಕಣ್ಣು ತುಂಬಿ ಬಂತು. ಅಷ್ಟು ದೊಡ್ಡ ಅಕ್ಷರಗಳೂ ಕಾಣದಾದವು. "ಸ್ವಲ್ಪ ತಡಿ," ಎಂದು ಅಂಗೈಯಿಂದ ಕಣ್ಣೊರೆಸಿಕೊಂಡು, ಮೊದಲ ಸಾಲನ್ನು ಗಟ್ಟಿಯಾಗಿ ಓದತೊಡಗಿದಳು.