ಉಂಗುರಗಡ್ಡೆಯ ಕಣ್ಣು

ಎದೆಲ್ಮಿರಾ ಆಲೂಗಡ್ಡೆಯನ್ನು ಎರಡು ಹೋಳು ಮಾಡಿ ನೀರಿನ ಬೋಗುಣಿಗೆ ಹಾಕಲು ಹೊರಟವಳು ಹಾಕಲಿಲ್ಲ. ಹೋಳುಗಳು ಅಂಗೈಯಲ್ಲೇ ಉಳಿದವು. ಬಿಳಿ ತಿರುಳಿನ ನಡುವೆ ನೇರಳೆ ಗೆರೆಯೊಂದು ಸುತ್ತಿಕೊಂಡು ಬಂದು, ಹೊರಟಲ್ಲಿಗೇ ಬಂದು ಸೇರಿತ್ತು. ಉಂಗುರದ ಹಾಗೆ.

ಕಣ್ಣು ಮಂಜಾಗಿ ಹಾಗೆ ಕಾಣುತ್ತಿರಬಹುದು ಎಂದುಕೊಂಡು ಅವಳು ಕಿಟಕಿಯ ಬೆಳಕಿಗೆ ತಿರುಗಿ ನೋಡಿದಳು. ಉಂಗುರ ಹಾಗೇ ಇತ್ತು. ಬುಟ್ಟಿಯಿಂದ ಇನ್ನೊಂದು ತೆಗೆದಳು. ಹೊರಗೆ ಇದ್ದಿಲಿನಂಥ ಕಪ್ಪು ಸಿಪ್ಪೆ, ಗೇಣಿಗೆ ಅರ್ಧದಷ್ಟು ಉದ್ದ, ಮೈತುಂಬ ಗಂಟು. ಸೀಳಿದಳು. ಅದರಲ್ಲೂ ಉಂಗುರ.

ಮುಂದಿನ ಕೋಣೆಯಲ್ಲಿ ಮೇಣದ ಬತ್ತಿಗಳ ನಡುವೆ ಊಬೆರ್ಲಿಂದಾ ಮಲಗಿದ್ದಳು. ಎಪ್ಪತ್ತೊಂಬತ್ತು ವರ್ಷದವಳು, ಎದೆಲ್ಮಿರಾಳ ಓರಗಿತ್ತಿ. ಅಣ್ಣನನ್ನು ಅವಳು, ತಮ್ಮನನ್ನು ಇವಳು ಮದುವೆಯಾಗಿ, ಗಂಡಂದಿರು ತೀರಿಹೋದ ಮೇಲೂ ಒಂದೇ ಬೇಲಿಯ ಆಚೆ ಈಚೆ ಐವತ್ತಾರು ವರ್ಷ ಬಾಳಿದವರು. ಊಟವಾದ ಮೇಲೆ ಹೊತ್ತುಕೊಂಡು ಹೋಗುವುದೆಂದು ಮಾತಾಗಿತ್ತು. ಸುತ್ತಲಿನ ದ್ವೀಪಗಳಿಂದ ದೋಣಿ ದೋಣಿಯಾಗಿ ಜನ ಬಂದಿದ್ದರು. ಬಂದವರಿಗೆ ಕುರಿಮಾಂಸ, ಆಲೂಗಡ್ಡೆ ಬೆಂದ ಬಿಸಿ ಸಾರು ಬಡಿಸದೆ ಹೆಣ ಎತ್ತುವ ಪದ್ಧತಿ ಚಿಲೊಯೆ ದ್ವೀಪಗಳಲ್ಲಿ ಇಲ್ಲ. ಅದಕ್ಕೇ ಬೆಳಗಿನಿಂದ ಆರು ಮಂದಿ ಹೆಂಗಸರು ಒಲೆಯ ಸುತ್ತ ಕೂತು ಸಿಪ್ಪೆ ಹೆರೆಯುತ್ತಿದ್ದರು.

ಈ ಬುಟ್ಟಿ ಎಲ್ಲಿಯದು ಎಂದು ಎದೆಲ್ಮಿರಾ ಕೇಳಿದಳು. ಊಬೆರ್ಲಿಂದಾಳ ಮಗಳು ನೆಲ್ದಾ ಸೌದೆ ತುರುಕುತ್ತ ತಿರುಗಿದಳು. ಪಟ್ಟಣದ ಶಾಲೆಯೊಂದರಲ್ಲಿ ಅಡುಗೆ ಮಾಡುವವಳು, ಗಟ್ಟಿಮುಟ್ಟು ಹೆಂಗಸು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಅಟ್ಟದ್ದು ಚಿಕ್ಕಮ್ಮ. ಕೆಳಗಿನ ರಾಶಿ ಸಾಲ್ಲಿಲ್ಲ. ಹೊಗೆಕೊಳವೆ ಹಿಂದ್ಗಡೆ ಜರೀಗಿಡದ ಎಲೆ ಹೊದಿಸಿ ಇಟ್ಟಿದ್ಲು ಅಮ್ಮ. ಮೊಳಕೆ ಬಂದ್ಬಿಟ್ಟಿತ್ತು, ಎಲ್ಲ ಉಜ್ಜಿ ತೆಗ್ದೆ."

"ಎಷ್ಟಿತ್ತು?"

"ಇದೊಂದೇ ಬುಟ್ಟಿ. ಅರ್ಧ ಆಗ್ಲೇ ಕುದೀತಿದೆಯಲ್ಲ."

ಎದೆಲ್ಮಿರಾ ಒಲೆಯ ಮೇಲಿನ ಹಂಡೆಯನ್ನು ನೋಡಿದಳು. ಮುಚ್ಚಳ ಕುಣಿಯುತ್ತಿತ್ತು. ಬಿತ್ತನೆಗೆ ಇನ್ನು ಮೂರು ವಾರ. ಅಟ್ಟದಲ್ಲಿ, ಹೊಗೆಯ ಬೆಚ್ಚಗಿನ ಜಾಗದಲ್ಲಿ, ಎಲೆ ಹೊದಿಸಿ ಇಡುವುದು ತಿನ್ನುವ ಗಡ್ಡೆಯನ್ನಲ್ಲ, ಬೀಜದ ಗಡ್ಡೆಯನ್ನು. ಅದನ್ನು ನೆಲ್ದಾ ಮರೆತಿದ್ದಳು. ಚಿಕ್ಕಂದಿನಲ್ಲೇ ಪಟ್ಟಣ ಸೇರಿದ ಅವಳಿಗೆ ಇದು ಯಾವ ಗಡ್ಡೆ ಎಂಬುದೂ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆಯೇ ಇಲ್ಲವಾಯಿತೆಂದು ಎದೆಲ್ಮಿರಾ ನಂಬಿದ್ದ ಗಡ್ಡೆ ಅದು.

*

ಎದೆಲ್ಮಿರಾ ಹತ್ತೊಂಬತ್ತರ ಹುಡುಗಿಯಾಗಿ ಈ ಮನೆಗೆ ಬಂದ ಮೊದಲ ವಸಂತದಲ್ಲಿ ಅತ್ತೆ ಇಬ್ಬರು ಸೊಸೆಯರನ್ನೂ ಕರೆದು ಅಟ್ಟದಿಂದ ಬುಟ್ಟಿ ಇಳಿಸಿದಳು. ಗಡ್ಡೆಗಳನ್ನು ನೆಲದ ಮೇಲೆ ಸುರಿದು, ನಿನಗೊಂದು ನಿನಗೊಂದು ಎಂದು ಎರಡು ಪಾಲು ಮಾಡಿದಳು. ಕೊನೆಗೆ ಒಂದು ಉಳಿಯಿತು. ಅದನ್ನು ಕತ್ತರಿಸಿ ಉಂಗುರ ತೋರಿಸಿದಳು.

"ಚಿನ್ನದ್ದು ಕೊಡೋಕೆ ನನ್ ಹತ್ರ ಇಲ್ಲ. ಇದೇ ನಿಮಗೆ ಉಂಗುರ. ನನ್ನತ್ತೆ ನನಗೆ ಕೊಟ್ಟಿದ್ದು. ಒಬ್ಬಳದ್ದು ಹೋದ್ರೆ ಇನ್ನೊಬ್ಬಳು ಕೊಡ್ಬೇಕು. ಎರಡು ಮನೇಲಿ ಇಡೋದು ಅದಕ್ಕೇ."

ಹಸಿವಿನ ವರ್ಷವೊಂದರಲ್ಲಿ ತಿರುಳು ತಿಂದು, ಮೊಳಕೆ ಒಡೆಯುವ ಕಣ್ಣುಗಳನ್ನು ಮಾತ್ರ ಸಿಪ್ಪೆಯ ಸಮೇತ ನೆಟ್ಟು ಈ ತಳಿ ಉಳಿಸಿದ ಕತೆಯನ್ನೂ ಅತ್ತೆ ಹೇಳಿದಳು. ದಪ್ಪಗೆ ಹೆರೆಯಬೇಕು, ಒಣಗಲು ಬಿಡಬಾರದು, ಅಷ್ಟೇ. ಹುಡುಗಿಯರಿಬ್ಬರೂ ತಲೆಯಾಡಿಸಿದರು.

ಆಮೇಲೆ ಒಂದು ವರ್ಷ ಬೇಸಾಯದ ಕಚೇರಿಯವರು ದೋಣಿ ತುಂಬ ಚೀಲ ತಂದರು. ಬಿಳಿ ಗಡ್ಡೆ, ಒಂದೊಂದೂ ಮುಷ್ಟಿಗಿಂತ ದಪ್ಪ. ಜೊತೆಗೆ ಗೊಬ್ಬರವೆಂದು ಬಿಳಿ ಪುಡಿ. ಹಳೆಯದನ್ನು ಹತ್ತಿರ ಇಟ್ಟುಕೊಂಡರೆ ರೋಗ ಅಂಟುತ್ತದೆ ಎಂದರು. ಎದೆಲ್ಮಿರಾಳ ಗಂಡನಿಗೆ ಅದು ಹಿಡಿಸಿತು. ಆ ಚಳಿಗಾಲ ಅವಳು ಮನೆಯ ಹಳೆಯ ಗಡ್ಡೆಯನ್ನೆಲ್ಲ ಬೇಯಿಸಿ ಹಂದಿಗೆ ಹಾಕಿದಳು. ಕೆಂಪು, ನೀಲಿ, ಕೊನೆಗೆ ಉಂಗುರದ್ದನ್ನೂ. ಊಬೆರ್ಲಿಂದಾ ಬೇಲಿಯಾಚೆ ನಿಂತು ನೋಡುತ್ತಿದ್ದಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ನಾಲ್ಕು ವರ್ಷ ಚೀಲ ತುಂಬಿ ಬಂತು. ಐದನೆಯ ವರ್ಷ ಮಣ್ಣು ಸಲಿಕೆಗೆ ಠಣ್ಣೆಂದಿತು. ಅಗೆದರೆ ಒಂದು ಎರೆಹುಳು ಇಲ್ಲ. ಆರನೆಯ ವರ್ಷ ಅಂಗಮಾರಿ ಬಂದು ಮೂರೇ ದಿನದಲ್ಲಿ ಹೊಲ ಕಪ್ಪಾಗಿ ನಾರಿತು. ಬೇಲಿಯಾಚೆ, ಕಡಲಪಾಚಿ ಮತ್ತು ಕುರಿಗೊಬ್ಬರ ಬಿಟ್ಟು ಬೇರೇನೂ ಕಾಣದ ಊಬೆರ್ಲಿಂದಾಳ ಹಿತ್ತಲು ಹಸಿರಾಗಿಯೇ ಇತ್ತು.

ಎದೆಲ್ಮಿರಾ ಮೊದಲಿನಿಂದ ಶುರುಮಾಡಿದಳು. ಇಳಿತದ ಹೊತ್ತಿಗೆ ಕಡಲಿಗಿಳಿದು ಬುಟ್ಟಿಗಟ್ಟಲೆ ಪಾಚಿ ಹೊತ್ತಳು. ಅವರಿವರ ಮನೆಯ ಹಳೆಯ ತಳಿಯ ಬೆಳ್ಳುಳ್ಳಿ, ಅವರೆ, ಒಂದೊಂದು ಹಿಡಿ ಕೇಳಿ ತಂದು ಹಾಕಿದಳು. ಏಳು ವರ್ಷ ಹಿಡಿಯಿತು ಮಣ್ಣು ಮೆತ್ತಗಾಗಲು. ಮನೆಯ ಊಟ ಮನೆಯ ಹಿತ್ತಲಿನಿಂದಲೇ ಎದ್ದು ಬರತೊಡಗಿತು. ಎಲೆಕೋಸಿಗೆ ಮತ್ತೆ ಎಲೆಕೋಸಿನ ವಾಸನೆ ಬಂತು. ಪುಡಿ ಎರಚಿ ಎರಚಿ ಕೆರೆದುಕೊಳ್ಳುತ್ತಿದ್ದ ಗಂಡನ ಅಂಗೈ ಮಾಗಿತು. ಉಂಗುರಗಡ್ಡೆ ಒಂದಿಲ್ಲ. ಅದನ್ನು ಕೇಳಲು ನಾಚಿಕೆ. ಕಡೆಗೊಂದು ದಿನ ನಾಚಿಕೆ ನುಂಗಿ ಬೇಲಿ ದಾಟಿ ಹೋಗಿ, ಅತ್ತೆಯ ಮಾತು ನೆನಪಿಸಿ ಕೇಳಿದಳು.

"ಅಯ್ಯೋ ಮಿರಾ," ಎಂದಳು ಊಬೆರ್ಲಿಂದಾ. "ಅಟ್ಟದಲ್ಲಿ ಇಲಿ ತಿಂದು ಹಾಕಿದ್ವು ಕಣೇ. ಒಂದೂ ಉಳೀಲಿಲ್ಲ."

ಇಬ್ಬರೂ ಕೂತು ಅತ್ತರು. ಎದೆಲ್ಮಿರಾ ಜಾಸ್ತಿ ಅತ್ತಳು.

*

"ನಿದ್ದೆ ಬಂತೇನೇ?" ಎಂದಳು ಪಕ್ಕದಲ್ಲಿದ್ದ ಕ್ಲೊರಿಂದಾ. ಬಾಯಿಯೂ ಚಾಕುವೂ ಒಂದೇ ವೇಗದಲ್ಲಿ ನಡೆಯುವ ನೆರೆಯವಳು. "ಸತ್ತವಳಿಗೆ ಅವಸರ ಇಲ್ಲ, ನಿಜ. ದೋಣಿಯವರಿಗೆ ಹಸಿವಾಗಿದೆ."

ಎದೆಲ್ಮಿರಾ ಹೋಳುಗಳನ್ನು ಬೋಗುಣಿಗೆ ಎಸೆದಳು. ಇನ್ನೊಂದನ್ನು ಹೆರೆಯದೆ ಹಾಗೇ ಎಸೆದಳು. ಬೇಯಲಿ. ಎಲ್ಲವೂ ಬೇಯಲಿ. ಅಟ್ಟದಲ್ಲಿ ಬಚ್ಚಿಟ್ಟವಳು ಮುಂದಿನ ಕೋಣೆಯಲ್ಲಿ ಕೈಜೋಡಿಸಿ ಮಲಗಿದ್ದಾಳಲ್ಲ, ಅವಳ ಉಂಗುರ ಅವಳ ಸಾರಿನಲ್ಲೇ ಕರಗಿ ಹೋಗಲಿ.

ಈಗಲೇ ಎದ್ದು ನಿಂತು, ನಿಲ್ಲಿಸಿ, ಇದು ಬೀಜ ಎಂದರೆ ಮುಗಿಯಿತು. ಆದರೆ ಆಮೇಲೆ? ಕರಿ ಗಡ್ಡೆ, ಒಳಗೆ ಉಂಗುರ, ನಿಮ್ಮಲ್ಲಿದೆಯಾ ಎಂದು ಎದೆಲ್ಮಿರಾ ಮನೆಮನೆ ಕೇಳಿಕೊಂಡು ತಿರುಗಿದ್ದನ್ನು ಇಡೀ ದ್ವೀಪ ಬಲ್ಲದು. ಬೇಲಿಯಾಚೆಯೇ ಇದ್ದುದನ್ನು ಹುಡುಕಿಕೊಂಡು ಸಮುದ್ರ ದಾಟಿದವಳು ಎಂದು, ಅವಳು ಸಾಯುವ ತನಕ ಊರಿಗೆ ನಗಲು ಒಂದು ಮಾತಾಗುತ್ತದೆ.

ಬುಟ್ಟಿಯಲ್ಲಿ ಹದಿನಾಲ್ಕು ಉಳಿದಿದ್ದವು. ಎದೆಲ್ಮಿರಾ ಒಂದನ್ನು ತೆಗೆದು ತಿರುಗಿಸಿ ನೋಡಿದಳು. ನೆಲ್ದಾ ಉಜ್ಜಿದ ಕಡೆ ಒಂದು ಕಣ್ಣಿನ ಮೂಲೆಯಲ್ಲಿ ಸಾಸಿವೆಕಾಳಿನಷ್ಟು ನೇರಳೆ ಮೊಳಕೆ ಮತ್ತೆ ತಲೆಯೆತ್ತುತ್ತಿತ್ತು. ಅವಳ ಚಾಕು ತಾನಾಗಿ ಆಳಕ್ಕೆ ಇಳಿಯಿತು. ಕಣ್ಣಿನ ಸುತ್ತ ದಪ್ಪಗೆ ತಿರುಳು ಸೇರಿಸಿ ಎತ್ತಿ ತೆಗೆದಳು. ತೆಗೆದದ್ದು ಹಂದಿಯ ಬಕೆಟ್ಟಿಗೆ ಹೋಗದೆ ಏಪ್ರನ್ನಿನ ಜೇಬಿಗೆ ಹೋಯಿತು.

"ಇದೇನೇ, ಸಿಪ್ಪೆ ಹೆರೆಯೋದಾ ಮರ ಕೆತ್ತೋದಾ?" ಎಂದಳು ಕ್ಲೊರಿಂದಾ. "ಹಿಂಗಾದ್ರೆ ಜನಕ್ಕೆ ಉಳಿಯೋದು ಗೋಲಿ."

"ಕೈ ನಡುಗತ್ತೆ," ಎಂದಳು ಎದೆಲ್ಮಿರಾ.

*

ಬೀಜ ಬದಲಾಯಿಸಿಕೊಳ್ಳಲು ಬೇರೆ ದ್ವೀಪದಲ್ಲಿ ಹೆಂಗಸರು ಸೇರುತ್ತಿದ್ದ ದಿನಗಳಿಗೆ ಎದೆಲ್ಮಿರಾ ಒಬ್ಬಳೇ ಹೋಗಿರಲಿಲ್ಲ. ಪ್ರತಿಸಲವೂ ಊಬೆರ್ಲಿಂದಾ ಜೊತೆಗೆ ಬಂದಳು. ದೋಣಿ ಎಂದರೆ ಅವಳಿಗೆ ಆಗದು. ಅರ್ಧ ದಾರಿಗೇ ವಾಂತಿ. ಎದೆಲ್ಮಿರಾ ಅವಳ ಹಣೆ ಹಿಡಿದುಕೊಂಡು, ನೀನ್ಯಾಕೆ ಬಂದೆ ಅಕ್ಕಾ ಎಂದು ಗದರಿದರೆ, ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳುವಳು: "ನಿನ್ನೊಬ್ಬಳನ್ನೇ ಕಳ್ಸೋಕಾಗತ್ತಾ?"

ಅಲ್ಲಿ ಇಳಿದ ಮೇಲೆ ಹೆಂಗಸರ ಬುಟ್ಟಿ ಬುಟ್ಟಿಗೂ ಹೋಗಿ ಕೇಳಿದವಳು ಊಬೆರ್ಲಿಂದಾಳೇ. ಹೀಗಿರುತ್ತೆ, ಇಷ್ಟುದ್ದ, ಕತ್ತರಿಸಿದರೆ ಉಂಗುರ ಎಂದು ಬೆರಳಿನಿಂದ ಅಂಗೈ ಮೇಲೆ ಬರೆದು ತೋರಿಸುತ್ತಿದ್ದಳು. ಬರಿಗೈಯಲ್ಲಿ ವಾಪಸಾಗುವಾಗ ಎದೆಲ್ಮಿರಾಳ ಬೆನ್ನು ಸವರುತ್ತಿದ್ದಳು. ಹನ್ನೊಂದು ಸಲ ಹೋಗಿದ್ದರು.

*

ಊಟಕ್ಕೆ ಜನ ಸರದಿಯ ಮೇಲೆ ಕೂತರು. ಎದೆಲ್ಮಿರಾಳ ತಟ್ಟೆಯಲ್ಲಿ ಮಾಂಸದ ಪಕ್ಕ ಉಂಗುರದ ಹೋಳು ಒಂದು ಬಂದಿತ್ತು. ಬೆಂದು ಬಣ್ಣ ಸ್ವಲ್ಪ ಮಾಸಿತ್ತು. ಅವಳು ಬಾಯಿಗಿಟ್ಟಳು. ಬೆಣ್ಣೆ ಹಾಕದೆಯೂ ಬೆಣ್ಣೆಯ ರುಚಿ, ಕೊನೆಗೆ ಸುಟ್ಟ ಚೆಸ್ಟ್‌ನಟ್ ಕಾಯಿಯ ಒಗರು. ನಾಲಗೆ ಐವತ್ತಾರು ವರ್ಷ ಹಿಂದಕ್ಕೆ ಹೋಯಿತು.

ಎದುರಿಗೆ ಕೂತ ಕ್ಲೊರಿಂದಾ ಆ ಹೋಳನ್ನು ನೋಡಿದಳು, ಎದೆಲ್ಮಿರಾಳ ಮುಖ ನೋಡಿದಳು, ಚಮಚ ಕೆಳಗಿಟ್ಟಳು.

"ನಿನಗೆ ಗೊತ್ತಿತ್ತು," ಎಂದಳು ಎದೆಲ್ಮಿರಾ, ಬೇರೆಯವರಿಗೆ ಕೇಳದ ಹಾಗೆ.

ಕ್ಲೊರಿಂದಾ ಬ್ರೆಡ್ಡನ್ನು ಮುರಿದು ಮುರಿದು ಪುಡಿ ಮಾಡಿದಳು. "ಸೇಬಿನ ಮರದ ಹಿಂದೆ, ಕಡಲಿನ ಕಡೆ ಇಳಿಜಾರಿದೆಯಲ್ಲ, ಅಲ್ಲಿ ನಾಲ್ಕು ಸಾಲು. ಕುಯ್ಲಾದಾಗ ನನಗೂ ಒಂದೆರಡು ಬೇಯಿಸಿ ಕೊಡೋಳು."

ಆ ಇಳಿಜಾರಿಗೆ ಎದೆಲ್ಮಿರಾಳನ್ನು ಊಬೆರ್ಲಿಂದಾ ಎಂದೂ ಬಿಟ್ಟಿರಲಿಲ್ಲ. ಕೆಸರು, ಕಾಲು ಜಾರುತ್ತೆ, ನಿನ್ನ ಮಂಡಿ ಸರಿಯಿಲ್ಲ ಎನ್ನುತ್ತಿದ್ದಳು. ಅದನ್ನು ಎದೆಲ್ಮಿರಾ ಅಕ್ಕರೆ ಎಂದುಕೊಂಡಿದ್ದಳು.

"ಒಂದೇ ಒಂದು ಕೊಡಬಹುದಿತ್ತು," ಎಂದಳು ಎದೆಲ್ಮಿರಾ. "ಒಂದೇ."

"ನಾನೂ ಅಂದೆ. ಹಂದಿಗೆ ಹಾಕಿದ ಕೈಗೆ ಇನ್ನೊಂದ್ಸಲ ಹಾಕಲ್ಲ ಅಂದ್ಲು." ಕ್ಲೊರಿಂದಾ ತಲೆ ತಗ್ಗಿಸಿದಳು. "ನಿಂಗೆ ಹೇಳಿದ್ರೆ ಇನ್ಮೇಲೆ ನನ್ನ ಮನೆ ಹೊಸಿಲು ತುಳಿಯಲ್ಲ ಅಂದ್ಲು. ಏನ್ ಮಾಡ್ಲಿ ಹೇಳು. ನಂಗೂ ಪಕ್ಕದ ಮನೆ ಅಂತ ಇರೋದು ಎರಡೇ."

ನೆಲ್ದಾ ಬಂದು ಇನ್ನೊಂದು ಸೌಟು ಸಾರು ಬಡಿಸಿದಳು. ಬುಟ್ಟಿ ಖಾಲಿಯಾಯಿತು, ಲೆಕ್ಕ ಸರಿಹೋಯಿತು ಚಿಕ್ಕಮ್ಮ, ಎಲ್ಲರಿಗೂ ಸಾಕಾಯಿತು ಎಂದಳು. ಈ ಮನೆ, ಹಿತ್ತಲು ಏನು ಮಾಡುತ್ತೀಯ ಎಂದು ಯಾರೋ ಕೇಳಿದ್ದಕ್ಕೆ, ಕುರಿ ಸಾಕುವವರಿಗೆ ಬಿಟ್ಟುಕೊಟ್ಟು ಹುಲ್ಲು ಹಾಕಿಸುವುದಾಗಿ ಹೇಳಿದಳು.

*

ಮೂರು ದಿನದ ಹಿಂದೆ ಊಬೆರ್ಲಿಂದಾಳಿಗೆ ಮಾತು ಬಿದ್ದುಹೋಗುತ್ತಿದ್ದಾಗ ಅವಳ ಕೈ ಹಿಡಿದು ಕೂತಿದ್ದವಳು ಎದೆಲ್ಮಿರಾ. ಇಡೀ ಚಳಿಗಾಲ ಗಂಜಿ ಕುಡಿಸಿದವಳೂ ಅವಳೇ. ಊಬೆರ್ಲಿಂದಾ ಕಣ್ಣು ಬಿಟ್ಟು ಅಟ್ಟದ ಹಲಗೆಗಳನ್ನು ನೋಡುತ್ತಿದ್ದಳು.

"ಮಿರಾ. ಮೇಲೆ ಥಂಡಿ ಇದೆಯಾ?"

ಎದೆಲ್ಮಿರಾ ಕಂಬಳಿ ಎಳೆದು ಹೊದಿಸಿದಳು. "ಇಲ್ಲ ಅಕ್ಕಾ. ಅಲ್ಲಿ ಥಂಡಿ ಇರಲ್ಲ. ದೇವರ ಹತ್ತಿರ ಬೆಚ್ಚಗಿರತ್ತೆ."

ಊಬೆರ್ಲಿಂದಾ ಅವಳನ್ನೇ ತುಂಬ ಹೊತ್ತು ನೋಡಿದಳು. ಏನೋ ಹೇಳುವವಳಂತೆ ತುಟಿ ಬಿಚ್ಚಿದಳು. ಮುಚ್ಚಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು.

*

ಇಗರ್ಜಿಯ ಹಿಂದಿನ ಗುಡ್ಡದಲ್ಲಿ ಗುಂಡಿ ತೋಡಿಯಾಗಿತ್ತು. ಕಡಲ ಗಾಳಿಗೆ ಮೇಣದ ಬತ್ತಿ ನಿಲ್ಲಲಿಲ್ಲ. ಪ್ರಾರ್ಥನೆ ನಡೆಸುವ ಹಿರಿಯ ಹಾಡು ಎತ್ತಿಕೊಟ್ಟ. ಹೆಂಗಸರು ಎಳೆದು ಹಾಡಿದರು. ಪೆಟ್ಟಿಗೆ ಹಗ್ಗದ ಮೇಲೆ ಇಳಿಯಿತು.

ಎದೆಲ್ಮಿರಾ ಕರಿಯ ಕೋಟಿನೊಳಗೆ ಏಪ್ರನ್ ಬಿಚ್ಚದೆಯೇ ಬಂದಿದ್ದಳು. ದಾರಿಯುದ್ದಕ್ಕೂ ಒಂದು ಕೈ ಜೇಬಿನಲ್ಲಿತ್ತು. ಹದಿನಾಲ್ಕು ಗಡ್ಡೆಯ ಕಣ್ಣುಗಳು ಬೆರಳಿಗೆ ತಣ್ಣಗೆ ತಾಗುತ್ತಿದ್ದವು. ಅಂಚು ಆಗಲೇ ಒಣಗಿ ಮುದುರಲು ತೊಡಗಿತ್ತು.

ನೆಲ್ದಾ ಒಂದು ಹಿಡಿ ಮಣ್ಣು ಹಾಕಿದಳು. ಕ್ಲೊರಿಂದಾ ಹಾಕಿದಳು. ನಂತರ ಜನ ಸರಿದು ದಾರಿ ಬಿಟ್ಟರು. ಮಗಳು, ನೆರೆಯವಳು ಆದ ಮೇಲೆ ಓರಗಿತ್ತಿಯ ಸರದಿ. ನೆಲ್ದಾ ಅವಳ ಮೊಣಕೈ ಹಿಡಿದುಕೊಂಡಳು. ಎದೆಲ್ಮಿರಾ ನೋಯುವ ಮಂಡಿಯನ್ನು ನಿಧಾನ ಮಡಚಿ ಬಗ್ಗಿ, ರಾಶಿಯಿಂದ ಒಂದು ಹಿಡಿ ತುಂಬ ಮಣ್ಣು ತೆಗೆದಳು. ಒಳ್ಳೆಯ ಮಣ್ಣು. ಕರಿಯದು, ತೇವ ಇದ್ದದ್ದು. ಬೆರಳ ಸಂದಿಯಲ್ಲಿ ಎರೆಹುಳು ಒಂದು ಮಿಸುಕಿತು.

ಅವಳು ಗುಂಡಿಯ ಮೇಲೆ ಕೈ ಚಾಚಿದಳು. ಹಾಡು ನಿಂತಿತು. ಎಲ್ಲರೂ ಆ ಮುಷ್ಟಿ ಬಿಚ್ಚುವುದನ್ನು ಕಾದರು.

ಮುಷ್ಟಿ ಬಿಚ್ಚಲಿಲ್ಲ. ಎದೆಲ್ಮಿರಾ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಕೋಟು ಸರಿಸಿ, ಆ ಮಣ್ಣನ್ನು ಏಪ್ರನ್ನಿನ ಜೇಬಿಗೆ ಹಾಕಿದಳು. ಮತ್ತೆ ಬಗ್ಗಿದಳು. ಇನ್ನೊಂದು ಹಿಡಿ. ಅದೂ ಜೇಬಿಗೆ.

ನೆನಪಿಗೆಂದು ಒಯ್ಯುತ್ತಿದ್ದಾಳೆ ಎಂದು ನೆಲ್ದಾ ಬಿಕ್ಕಿ ಬಿಕ್ಕಿ ಅತ್ತಳು. ಕ್ಲೊರಿಂದಾ ಒಬ್ಬಳು ಕಡಲಿನ ಕಡೆ ಮುಖ ತಿರುಗಿಸಿದಳು. ಎದೆಲ್ಮಿರಾ ಯಾರ ಕೈಯನ್ನೂ ಹಿಡಿಯದೆ ಗುಡ್ಡ ಇಳಿಯತೊಡಗಿದಳು. ಎಡಗೈಯಲ್ಲಿ ಜೇಬಿನ ಬಾಯಿ ಬಿಗಿಯಾಗಿ ಹಿಡಿದು, ಬಲಗೈಯ ಬೆರಳುಗಳಿಂದ ಒಳಗೆ ಒಂದೊಂದೇ ಕಣ್ಣನ್ನು ಹುಡುಕಿ ಹುಡುಕಿ ಮಣ್ಣು ಮುಚ್ಚುತ್ತ.